ಮಲೇರಿಯಾ ನಿರ್ಮೂಲನೆಯ ಹಣ ಗಡಿಯಾಚೆಗೂ ಹೋಗಲಿ

ಮಾನ್ಯ ಸಂಪಾದಕರೇ,

ಏಪ್ರಿಲ್ 25ರ ವಿಶ್ವ ಮಲೇರಿಯಾ ದಿನ ಬಂತೆಂದರೆ ಪತ್ರಿಕೆಗಳಲ್ಲಿ ಈ ರೋಗದ ಬಗ್ಗೆ ಲೇಖನಗಳು ಬರುತ್ತವೆ. ನೀರು ನಿಲ್ಲದಂತೆ ನೋಡಿಕೊಳ್ಳಿ, ಸೊಳ್ಳೆ ಪರದೆ ಕಟ್ಟಿಕೊಳ್ಳಿ, ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ ಎಂಬ ಸಲಹೆಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಎಲ್ಲವೂ ಬೇಕಾದ ಸಲಹೆಗಳೇ. ಆದರೆ ಮಲೇರಿಯಾವನ್ನು ಬಹುಮಟ್ಟಿಗೆ ಹತೋಟಿಗೆ ತಂದು, ಇನ್ನು ಪೂರ್ತಿ ತೊಲಗಿಸುವುದಷ್ಟೇ ಬಾಕಿ ಎಂಬ ಹಂತಕ್ಕೆ ಬಂದ ದೇಶಗಳಿಗೆ ಎದುರಾಗುವ ಪ್ರಶ್ನೆ ಬೇರೆಯದು. ಉಳಿದಿರುವ ಪ್ರಕರಣಗಳು ಎಲ್ಲಿಂದ ಬರುತ್ತಿವೆ, ಅವುಗಳನ್ನು ತಡೆಯುವ ಹಣವನ್ನು ಯಾರು, ಎಲ್ಲಿ ಖರ್ಚು ಮಾಡಬೇಕು ಎಂಬ ಆ ಪ್ರಶ್ನೆಯ ಬಗ್ಗೆ ಚರ್ಚೆ ಆಗಿರುವುದು ತೀರ ಕಡಿಮೆ. ನನ್ನ ಅಭಿಪ್ರಾಯ ಇಷ್ಟು: ಮಲೇರಿಯಾ ಕಡಿಮೆ ಇರುವ ದೇಶ ತನ್ನ ಬೊಕ್ಕಸದ ಒಂದು ಪಾಲನ್ನು ಮಲೇರಿಯಾ ಹೆಚ್ಚಿರುವ ನೆರೆಯ ದೇಶದ ಗಡಿ ಹಳ್ಳಿಗಳಲ್ಲಿ ವಿನಿಯೋಗಿಸಬೇಕು, ಮತ್ತು ಎರಡೂ ಬದಿಯ ಗಡಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ತಂತಮ್ಮ ರಾಜಧಾನಿಯ ಅಪ್ಪಣೆಗೆ ಕಾಯದೆ ಪರಸ್ಪರ ಮಾಹಿತಿ ಹಂಚಿಕೊಳ್ಳುವಂತಿರಬೇಕು. ಪ್ರಾದೇಶಿಕ ಸಹಕಾರದ ಹೆಸರಿನಲ್ಲಿ ನಡೆಯುವ ಸಮ್ಮೇಳನ, ಘೋಷಣಾಪತ್ರ, ಜಂಟಿ ಹೇಳಿಕೆಗಳಿಗೆ ಬೆಲೆ ಬರುವುದು ಇವೆರಡಕ್ಕೆ ದಾರಿ ಮಾಡಿಕೊಟ್ಟಾಗ ಮಾತ್ರ.

ರೋಗದ ಸ್ವಭಾವವೇ ಇದನ್ನು ಬೇಡುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಸಾಮಾನ್ಯವಾಗಿ ಒಂದೆರಡು ಕಿಲೋಮೀಟರಿಗಿಂತ ದೂರ ಹಾರುವುದಿಲ್ಲ. ಗಡಿಗೆ ಅಂಟಿಕೊಂಡ ಹಳ್ಳಿಗಳ ಮಟ್ಟಿಗೆ ಅಷ್ಟು ದೂರವೇ ಸಾಕು. ಅದಕ್ಕಿಂತ ಆಚೆಗೆ ರೋಗಾಣುವನ್ನು ಕೊಂಡೊಯ್ಯುವವನು ಮನುಷ್ಯ. ಸೋಂಕಿತ ಸೊಳ್ಳೆ ಕಚ್ಚಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 10ರಿಂದ 15 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕೂಲಿಗೆಂದು ಗಡಿ ದಾಟಿ ಹೋಗಿದ್ದವರು ಮರಳಿ ಊರು ಸೇರಿರುತ್ತಾರೆ. ವೈವಾಕ್ಸ್ ಬಗೆಯ ಮಲೇರಿಯಾದ ಕಾಟ ಇನ್ನೂ ದೀರ್ಘವಾದುದು. ಅದರ ರೋಗಾಣು ಯಕೃತ್ತಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಅಡಗಿದ್ದು ಮತ್ತೆ ಎದ್ದು ಜ್ವರ ತರಬಲ್ಲದು. ಇದರ ಜೊತೆಗೆ, ಮಲೇರಿಯಾ ಪೀಡಿತ ಪ್ರದೇಶಗಳಲ್ಲಿ ಹುಟ್ಟಿ ಬೆಳೆದ ಅನೇಕರ ರಕ್ತದಲ್ಲಿ ರೋಗಾಣು ಇದ್ದರೂ ಅವರಿಗೆ ಜ್ವರವೇ ಇರುವುದಿಲ್ಲ. ಹೀಗಾಗಿ ಗಡಿ ಠಾಣೆಯಲ್ಲಿ ನಿಲ್ಲಿಸಿ ಹಣೆ ಮುಟ್ಟಿ ನೋಡುವುದರಿಂದ ಮಲೇರಿಯಾವನ್ನು ತಡೆಯಲಾಗದು. ಸೋಂಕು ಹುಟ್ಟುವ ಜಾಗದಲ್ಲಿಯೇ ಅದನ್ನು ತಗ್ಗಿಸಬೇಕು, ಆ ಜಾಗ ಬೇರೊಂದು ದೇಶದಲ್ಲಿದ್ದರೂ ಸರಿಯೇ.

ಇದು ಬರೀ ತರ್ಕವಲ್ಲ, ನಡೆದು ತೋರಿದ ಸಂಗತಿ. ಆಫ್ರಿಕಾದ ದಕ್ಷಿಣ ತುದಿಯಲ್ಲಿ ಮೊಜಾಂಬಿಕ್, ದಕ್ಷಿಣ ಆಫ್ರಿಕಾ ಮತ್ತು ಆಗ ಸ್ವಾಜಿಲ್ಯಾಂಡ್ ಎಂಬ ಹೆಸರಿದ್ದ ಇಂದಿನ ಎಸ್ವಾಟಿನಿ ಸೇರುವ ಕಡೆ ಲುಬೊಂಬೊ ಎಂಬ ಬೆಟ್ಟಸಾಲಿದೆ. ಆ ಪ್ರದೇಶದ ಅಭಿವೃದ್ಧಿಗೆಂದು ಮೂರು ದೇಶಗಳು 1999ರಲ್ಲಿ ಒಪ್ಪಂದ ಮಾಡಿಕೊಂಡವು. ಗುರಿ ಇದ್ದುದು ಪ್ರವಾಸೋದ್ಯಮ ಮತ್ತು ಹೂಡಿಕೆಯ ಮೇಲೆ. ಮಲೇರಿಯಾ ಇರುವವರೆಗೆ ಅಲ್ಲಿಗೆ ಪ್ರವಾಸಿಗರೂ ಬರುವುದಿಲ್ಲ, ಹೂಡಿಕೆದಾರರೂ ಬರುವುದಿಲ್ಲ ಎಂಬುದು ಮನವರಿಕೆಯಾದುದರಿಂದ ರೋಗ ನಿಯಂತ್ರಣ ಆ ಯೋಜನೆಯೊಳಗೆ ಸೇರಿತು. (ಆರೋಗ್ಯ ಇಲಾಖೆಗಳು ವರ್ಷಗಟ್ಟಲೆ ಕೇಳಿದರೂ ಸಿಗದ ಹಣ ಪ್ರವಾಸೋದ್ಯಮದ ಹೆಸರಿನಲ್ಲಿ ಸಿಕ್ಕರೆ ಅದನ್ನು ಬೇಡವೆನ್ನಲು ಕಾರಣವಿಲ್ಲ.)

ಆ ಹೊತ್ತಿಗೆ ದಕ್ಷಿಣ ಆಫ್ರಿಕಾ ತನ್ನ ಭಾಗದ ಮನೆಗಳಲ್ಲಿ ಕೀಟನಾಶಕ ಸಿಂಪಡಿಸುತ್ತ ಹಲವು ದಶಕಗಳೇ ಕಳೆದಿದ್ದವು. ಮೊಜಾಂಬಿಕ್ ಆದರೋ ದೀರ್ಘ ಅಂತರ್ಯುದ್ಧದಿಂದ ಆಗಷ್ಟೇ ಹೊರಬಂದಿತ್ತು. ಅದರ ದಕ್ಷಿಣ ಭಾಗದಲ್ಲಿ ಸಿಂಪಡಣೆಯ ವ್ಯವಸ್ಥೆ ಕುಸಿದುಹೋಗಿತ್ತು. 1996ರಲ್ಲಿ ದಕ್ಷಿಣ ಆಫ್ರಿಕಾ ಡಿಡಿಟಿಯನ್ನು ಬಿಟ್ಟು ಪೈರಿಥ್ರಾಯ್ಡ್ ಬಗೆಯ ಕೀಟನಾಶಕಕ್ಕೆ ಬದಲಾಯಿಸಿಕೊಂಡಾಗ, ಅದಕ್ಕೆ ಜಗ್ಗದ ಅನಾಫಿಲಿಸ್ ಫ್ಯುನೆಸ್ಟಸ್ ಸೊಳ್ಳೆ ಅಲ್ಲಿನ ಮನೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು. 2000ನೇ ಇಸವಿಯಲ್ಲಿ ಆ ದೇಶದಲ್ಲಿ ಮಲೇರಿಯಾ ಪ್ರಕರಣಗಳು 60 ಸಾವಿರವನ್ನು ದಾಟಿದವು. ತನ್ನ ಗೋಡೆಗಳಿಗೆ ಎಷ್ಟೇ ಸಿಂಪಡಿಸಿದರೂ ಗಡಿಯಾಚೆಯ ಗೋಡೆಗಳನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ ಎಂಬುದು ಆ ದೇಶಕ್ಕೆ ಅರ್ಥವಾದದ್ದು ಹೀಗೆ. ಮುಂದಿನ ವರ್ಷಗಳಲ್ಲಿ ದಕ್ಷಿಣ ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಮನೆಮನೆಗೆ ಸಿಂಪಡಣೆ ನಡೆಯಿತು. ದಕ್ಷಿಣ ಆಫ್ರಿಕಾ ಡಿಡಿಟಿಗೆ ಮರಳಿತು. ಅದರ ಕ್ವಾಜುಲು-ನಟಾಲ್ ಪ್ರಾಂತದಲ್ಲಿ 2001ರಿಂದ ಆರ್ಟಿಮಿಸಿನಿನ್ ಆಧಾರಿತ ಸಂಯುಕ್ತ ಔಷಧ ಕೊಡತೊಡಗಿದರು. ಕೆಲವೇ ವರ್ಷಗಳಲ್ಲಿ ಕ್ವಾಜುಲು-ನಟಾಲ್‌ನಲ್ಲಿಯೂ ಸ್ವಾಜಿಲ್ಯಾಂಡಿನಲ್ಲಿಯೂ ಮಲೇರಿಯಾ ಶೇ 90ಕ್ಕಿಂತ ಹೆಚ್ಚು ಇಳಿಯಿತು. ಇದರಲ್ಲಿ ಹೊಸ ಔಷಧದ ಪಾಲೆಷ್ಟು, ಗಡಿಯಾಚೆಯ ಸಿಂಪಡಣೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವೇ. ಆದರೆ ಮುಂದೆ ನಡೆದದ್ದು ಆ ಅನುಮಾನವನ್ನು ಸಾಕಷ್ಟು ಪರಿಹರಿಸುತ್ತದೆ.

2011ರಲ್ಲಿ ಅನುದಾನದ ಅವಧಿ ಮುಗಿದು ಲುಬೊಂಬೊ ಕಾರ್ಯಕ್ರಮ ನಿಂತಿತು. ದಕ್ಷಿಣ ಆಫ್ರಿಕಾ ಮತ್ತು ಸ್ವಾಜಿಲ್ಯಾಂಡ್ ತಮ್ಮ ನೆಲದ ಸಿಂಪಡಣೆಯನ್ನು ನಿಲ್ಲಿಸಿರಲಿಲ್ಲ, ಹೊಸ ಔಷಧವೂ ಅವುಗಳ ಕೈಯಲ್ಲಿಯೇ ಇತ್ತು. ಆದರೂ ದಕ್ಷಿಣ ಮೊಜಾಂಬಿಕ್‌ನಲ್ಲಿ ಮಲೇರಿಯಾ ಮತ್ತೆ ಏರಿತು, ಅಲ್ಲಿಂದ ಗಡಿ ದಾಟಿ ಬರುವ ಪ್ರಕರಣಗಳೂ ಏರಿದವು. ಅದೇ ಮೂರು ದೇಶಗಳು 2015ರಲ್ಲಿ ಮೊಸಾಸ್ವಾ ಎಂಬ ಹೊಸ ಹೆಸರಿನಲ್ಲಿ ಅದೇ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ನಡುವಿನ ನಾಲ್ಕು ವರ್ಷಗಳಲ್ಲಿ ಉಳಿಸಿದ ಹಣಕ್ಕಿಂತ ಕಳೆದುಕೊಂಡದ್ದು ಹೆಚ್ಚು ಎಂದೇ ನನ್ನ ಭಾವನೆ.

ನೆರೆಯ ದೇಶದಲ್ಲಿ ಖರ್ಚು ಮಾಡಬೇಕೆಂದರೆ ಯಾವ ದೇಶದಲ್ಲಾದರೂ ಏಳುವ ಆಕ್ಷೇಪ ಒಂದೇ: ನಮ್ಮ ಆಸ್ಪತ್ರೆಗಳಲ್ಲಿ ಔಷಧವಿಲ್ಲ, ಪಕ್ಕದವರ ಗೋಡೆಗೆ ಡಿಡಿಟಿ ಹೊಡೆಯಲು ನಮ್ಮ ತೆರಿಗೆ ಹಣವೇ? ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ಇಂತಹ ಸಂದರ್ಭಕ್ಕೆಂದೇ ಹುಟ್ಟಿದಂತಿದೆ. ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಬಾರದು, ಏಕೆಂದರೆ ಶಾಸನಸಭೆಯಲ್ಲಿ ಆಯವ್ಯಯ ಮಂಡಿಸುವವರು ಇದಕ್ಕೆ ಉತ್ತರ ಕೊಡಲೇಬೇಕು. ಉತ್ತರ ಲೆಕ್ಕದಲ್ಲಿದೆ. ದೇಶದೊಳಗೆ ವರ್ಷಕ್ಕೆ ಕೆಲವೇ ನೂರು ಪ್ರಕರಣಗಳು ಉಳಿದಾಗ ಪ್ರತಿಯೊಂದನ್ನೂ ಹುಡುಕಿ, ಮನೆ ಸುತ್ತಲಿನವರ ರಕ್ತ ಪರೀಕ್ಷಿಸಿ, ಲಾರ್ವಾ ಇರುವ ನೀರಿನ ತಾಣಗಳನ್ನು ಗುರುತಿಸುವ ಖರ್ಚು ತಲೆಗೆ ಬಹಳ ದುಬಾರಿಯಾಗುತ್ತದೆ. ಸಾವಿರಾರು ಪ್ರಕರಣಗಳಿರುವ ಪಕ್ಕದ ಜಿಲ್ಲೆಯಲ್ಲಿ ಅದೇ ಹಣದಿಂದ ಎಷ್ಟೋ ಹೆಚ್ಚು ಸೋಂಕುಗಳನ್ನು ತಡೆಯಬಹುದು, ಅವುಗಳ ಪೈಕಿ ಗಡಿ ದಾಟಿ ಬರಬಹುದಾಗಿದ್ದವೂ ತಪ್ಪುತ್ತವೆ. ಇದನ್ನು ದಾನವೆಂದು ಕರೆಯುವುದರಿಂದಲೇ ಅರ್ಧ ತೊಂದರೆ. ರೋಗ ತಡೆಯ ವೆಚ್ಚವೆಂದು ಸ್ವಂತ ಆರೋಗ್ಯ ಇಲಾಖೆಯ ಲೆಕ್ಕದಲ್ಲಿಯೇ ಅದನ್ನು ತೋರಿಸುವುದು ಸರಿ.

ಹಣದಷ್ಟೇ ಮುಖ್ಯವಾದುದು ಮಾಹಿತಿ. 1940ರ ದಶಕದಲ್ಲಿ ವರ್ಷಕ್ಕೆ ಸುಮಾರು ಮೂರು ಕೋಟಿ ಪ್ರಕರಣಗಳಿದ್ದ ಚೀನಾ 2021ರ ಜೂನ್ 30ರಂದು ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣೀಕೃತವಾಯಿತು. ಅಲ್ಲಿ ಅನುಸರಿಸಿದ ‘1-3-7’ ಎಂಬ ಕ್ರಮ ಈಗ ಬೇರೆ ದೇಶಗಳಿಗೂ ಹಬ್ಬಿದೆ: ಪ್ರಕರಣ ಪತ್ತೆಯಾದ ಒಂದು ದಿನದೊಳಗೆ ವರದಿಯಾಗಬೇಕು, ಮೂರು ದಿನದೊಳಗೆ ಸೋಂಕು ಸ್ಥಳೀಯವೋ ಹೊರಗಿನಿಂದ ಬಂದದ್ದೋ ಎಂದು ವಿಚಾರಣೆ ಮುಗಿಯಬೇಕು, ಏಳು ದಿನದೊಳಗೆ ಆ ತಾಣದಲ್ಲಿ ಹರಡುವಿಕೆ ತಡೆಯುವ ಕೆಲಸ ನಡೆಯಬೇಕು. ಈ ಕ್ರಮದ ಹೆಗ್ಗಳಿಕೆ ಅದರ ಸರಳತೆಯಲ್ಲಿದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಅದು ಬಾಯಿಪಾಠವಾಗಿರುತ್ತದೆ. ಆದರೆ ಸೋಂಕು ತಗುಲಿದ್ದು ಗಡಿಯಾಚೆ ಎಂದು ಮೂರನೆಯ ದಿನ ಗೊತ್ತಾದರೆ ಏಳನೆಯ ದಿನದ ಕೆಲಸವನ್ನು ಮಾಡುವವರು ಯಾರು? ಮ್ಯಾನ್ಮಾರ್‌ಗೆ ತಾಗಿಕೊಂಡಿರುವ ಯುನ್ನಾನ್ ಪ್ರಾಂತದಲ್ಲಿ ಚೀನಾ ಈ ಕಾರಣಕ್ಕಾಗಿಯೇ ತನ್ನ ನೆಲದಲ್ಲಿ ಮೂರು ಹಂತದ ರಕ್ಷಣಾ ಸಾಲುಗಳ ಜೊತೆಗೆ ಗಡಿಯಾಚೆಯ ಪಟ್ಟಿಯಲ್ಲಿಯೂ ಸಹಕಾರದ ಕೆಲಸ ನಡೆಸಿತು. ಈ ಭಾಗ ಇಲ್ಲದಿದ್ದರೆ 1-3-7ರ ಕೊನೆಯ ಅಂಕಿ ಗಡಿ ಜಿಲ್ಲೆಗಳಲ್ಲಿ ಕಾಗದದ ಮೇಲೆಯೇ ಉಳಿಯುತ್ತದೆ.

ಬಹಳಷ್ಟು ಗಡಿಗಳಲ್ಲಿ ಈಗಲೂ ನಡೆಯುವುದು ಬೇರೆ. ಒಂದು ಜಿಲ್ಲೆಯ ವರದಿ ಪ್ರಾಂತದ ಕಚೇರಿಗೆ, ಅಲ್ಲಿಂದ ರಾಜಧಾನಿಗೆ, ಅಲ್ಲಿಂದ ವಿದೇಶಾಂಗ ಇಲಾಖೆಯ ಮೂಲಕ ಇನ್ನೊಂದು ರಾಜಧಾನಿಗೆ, ಮತ್ತೆ ಅಲ್ಲಿಂದ ಕೆಳಗಿಳಿದು ಪಕ್ಕದ ಜಿಲ್ಲೆಗೆ ತಲುಪುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ರೋಗಿಯ ಹೆಸರು, ಪೌರತ್ವ ಇವುಗಳನ್ನು ಕಳಿಸುವ ಅಗತ್ಯವೂ ಇಲ್ಲ. ಯಾವ ಹಳ್ಳಿಯಲ್ಲಿ ಸೋಂಕು ತಗುಲಿರಬಹುದು, ಯಾವ ಬಗೆಯ ರೋಗಾಣು, ಯಾವ ದಿನಾಂಕ ಎಂಬ ಮೂರು ಸಂಗತಿ ಸಾಕು. ಇಷ್ಟನ್ನು ಇಬ್ಬರು ಜಿಲ್ಲಾ ಅಧಿಕಾರಿಗಳು ಒಂದು ದೂರವಾಣಿ ಕರೆಯಲ್ಲಿ ಹೇಳಿಕೊಳ್ಳಬಹುದು. ಅದಕ್ಕೆ ಅನುಮತಿ ಕೊಡುವ ಒಂದು ಪುಟದ ಆದೇಶ ಎರಡೂ ಸರ್ಕಾರಗಳಿಂದ ಬೇಕು.

ಔಷಧದ ವಿಷಯದಲ್ಲಿಯೂ ಗಡಿ ತೊಡಕಾಗುತ್ತದೆ. ವೈವಾಕ್ಸ್ ಮಲೇರಿಯಾದಲ್ಲಿ ಯಕೃತ್ತಿನೊಳಗಿನ ರೋಗಾಣುವನ್ನು ಕೊಲ್ಲಲು ಪ್ರೈಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ನುಂಗಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನು ಒಡೆಯಬಹುದಾದ್ದರಿಂದ ಎಚ್ಚರವೂ ಬೇಕು. ನಾಲ್ಕನೆಯ ದಿನ ಜ್ವರ ಬಿಟ್ಟ ಕೂಡಲೇ ಕೂಲಿಯವನು ಕೆಲಸ ಹುಡುಕಿಕೊಂಡು ಗಡಿ ದಾಟಿದರೆ ಉಳಿದ ಹತ್ತು ದಿನದ ಮಾತ್ರೆಯ ಬಗ್ಗೆ ವಿಚಾರಿಸುವವರಿಲ್ಲ. ಆಚೆ ಬದಿಯ ಚಿಕಿತ್ಸಾ ಪದ್ಧತಿ ಬೇರೆಯಾಗಿದ್ದರೆ, ಚೀಟಿ ಬೇರೆ ಭಾಷೆಯಲ್ಲಿದ್ದರೆ, ಅಲ್ಲಿನ ವೈದ್ಯರು ಮೊದಲಿನಿಂದ ಶುರುಮಾಡುತ್ತಾರೆ ಇಲ್ಲವೇ ಕೈಬಿಡುತ್ತಾರೆ. ಒಂದು ಪ್ರದೇಶದ ದೇಶಗಳೆಲ್ಲ ಸೇರಿ ಒಂದೇ ಮಾದರಿಯ ಚಿಕಿತ್ಸಾ ಕಾರ್ಡ್ ಒಪ್ಪಿಕೊಳ್ಳುವುದು ಅಷ್ಟು ಕಷ್ಟದ ಕೆಲಸವಲ್ಲ.

ಅರೆಬರೆ ಚಿಕಿತ್ಸೆಯಿಂದ ರೋಗಾಣು ಔಷಧಕ್ಕೆ ಜಗ್ಗದಂತಾಗಬಹುದು. ಅದರ ಬೆಲೆ ಏನೆಂಬುದಕ್ಕೆ ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಸೀಮೆಯನ್ನು ನೋಡಬೇಕು. 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ ಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧಕ್ಕೆ ಜಗ್ಗದ ಫಾಲ್ಸಿಪಾರಂ, ಅಂದರೆ ಮಲೇರಿಯಾದ ಅತಿ ಮಾರಕ ಬಗೆಯ ರೋಗಾಣು, ಕಾಣಿಸಿಕೊಂಡಿತು. 1970ರ ದಶಕದ ಕೊನೆಗೆ ಅಂತಹ ರೋಗಾಣು ಆಫ್ರಿಕಾ ತಲುಪಿತು, ಮುಂದಿನ ಎರಡು ದಶಕಗಳಲ್ಲಿ ಅಲ್ಲಿ ಮಕ್ಕಳ ಸಾವು ಏರಿತು. 2008–09ರ ಸುಮಾರಿಗೆ ಅದೇ ಪಶ್ಚಿಮ ಕಾಂಬೋಡಿಯಾದಿಂದ ಆರ್ಟಿಮಿಸಿನಿನ್ ಕೂಡ ಮೊದಲಿನಷ್ಟು ಬೇಗ ಕೆಲಸ ಮಾಡುತ್ತಿಲ್ಲ ಎಂಬ ವರದಿಗಳು ಬಂದಾಗ ಹಳೆಯ ಅನುಭವ ಎಲ್ಲರಿಗೂ ನೆನಪಾಯಿತು. ಏಡ್ಸ್, ಕ್ಷಯ, ಮಲೇರಿಯಾಗಳ ವಿರುದ್ಧದ ಅಂತರರಾಷ್ಟ್ರೀಯ ನಿಧಿಯಾದ ಗ್ಲೋಬಲ್ ಫಂಡ್ 2013ರಲ್ಲಿ 10 ಕೋಟಿ ಡಾಲರಿನ ಪ್ರಾದೇಶಿಕ ಅನುದಾನ ಘೋಷಿಸಿತು. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ ಐದೂ ದೇಶಗಳು ಒಂದೇ ಯೋಜನೆಯಡಿ ಬಂದವು. ಕಾಡಿನಂಚಿನ ಹಳ್ಳಿಗಳಲ್ಲಿ ಊರಿನವರನ್ನೇ ಮಲೇರಿಯಾ ಕಾರ್ಯಕರ್ತರಾಗಿ ತರಬೇತಿಗೊಳಿಸಿ ಅವರ ಕೈಗೆ ಕ್ಷಿಪ್ರ ಪರೀಕ್ಷಾ ಕಿಟ್ ಮತ್ತು ಮಾತ್ರೆ ಕೊಡಲಾಯಿತು. ನಿರೋಧಕ ಶಕ್ತಿ ಪಡೆದ ರೋಗಾಣುವನ್ನು ಪಳಗಿಸಲು ಹೊರಡದೆ ಫಾಲ್ಸಿಪಾರಂ ಅನ್ನೇ ಆ ಪ್ರದೇಶದಿಂದ ತೊಲಗಿಸುವ ಗುರಿ ಇಟ್ಟುಕೊಂಡದ್ದು ಸರಿಯಾದ ನಿರ್ಧಾರವಾಗಿತ್ತು. ಪ್ರಕರಣಗಳು ಕಡಿದಾಗಿ ಇಳಿದವು. 2021ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಮ್ಯಾನ್ಮಾರ್‌ನಲ್ಲಿ ಆರೋಗ್ಯ ಸೇವೆ ಕುಸಿದಾಗ ಅಲ್ಲಿ ಮಲೇರಿಯಾ ಮತ್ತೆ ಏರಿ, ನಿರಾಶ್ರಿತರು ಬಂದು ಸೇರಿದ ಥಾಯ್ಲೆಂಡಿನ ತಾಕ್ ಪ್ರಾಂತದಲ್ಲಿಯೂ ಏರಿತು. ಈಗ ರುವಾಂಡ, ಉಗಾಂಡ ಮೊದಲಾದ ಕಡೆ ಆರ್ಟಿಮಿಸಿನಿನ್ ನಿರೋಧಕತೆ ಸ್ಥಳೀಯವಾಗಿಯೇ ಹುಟ್ಟಿಕೊಂಡಿದೆ. ಹಾಗಾಗಿ ಮೆಕಾಂಗ್ ಮಾದರಿಯ ಜಂಟಿ ಕೆಲಸ ಅತಿ ಹೆಚ್ಚು ಬೇಕಾಗಿರುವುದು ಇಂದು ಪೂರ್ವ ಆಫ್ರಿಕಾದಲ್ಲಿ.

ಸಹಕಾರದ ಮಾತು ಬಂದಾಗಲೆಲ್ಲ ಸರ್ಕಾರಗಳು ಸರ್ಕಾರಗಳೊಡನೆ ಮಾತನಾಡುತ್ತವೆ. ಆದರೆ ಗಡಿಯಲ್ಲಿ ಮಲೇರಿಯಾ ಅಂಟಿಸಿಕೊಳ್ಳುವವರಲ್ಲಿ ಬಹಳ ಮಂದಿ ಯಾವ ಸರ್ಕಾರದ ಕಣ್ಣಿಗೂ ಬೀಳಲು ಇಷ್ಟಪಡದವರು: ಪರವಾನಗಿ ಇಲ್ಲದೆ ಮರ ಕಡಿಯುವವರು, ಕಾಗದಪತ್ರವಿಲ್ಲದ ಕೂಲಿಗಳು, ಅಕ್ರಮ ಗಣಿಯಲ್ಲಿ ದುಡಿಯುವವರು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನದ ಕಾಡುಗಳಲ್ಲಿ ಅಕ್ರಮವಾಗಿ ಚಿನ್ನ ತೆಗೆಯುವವರ ನಡುವೆ ಮಲೇರಿಯಾ ಬಿಡದೆ ಕಾಡುತ್ತಿತ್ತು. ಅವರು ಆಸ್ಪತ್ರೆಗೆ ಬಂದರೆ ಪೊಲೀಸರ ಭಯ, ಆರೋಗ್ಯ ಕಾರ್ಯಕರ್ತರು ಗಣಿಗೆ ಹೋಗುವುದಕ್ಕೆ ದಾರಿಯಿಲ್ಲ. 2018ರಿಂದ 2020ರವರೆಗೆ ಸುರಿನಾಮ್ ಮತ್ತು ಬ್ರೆಜಿಲ್ ಬದಿಯ ಗಡಿ ತಂಗುದಾಣಗಳಲ್ಲಿ, ಅಂದರೆ ಆ ಕೆಲಸಗಾರರು ಕಾಡಿಗೆ ಹೊರಡುವ ಮುನ್ನ ಸಾಮಾನು ಕೊಳ್ಳುವ ಜಾಗಗಳಲ್ಲಿ, ಅವರಿಗೆ ತರಬೇತಿ ಕೊಟ್ಟು ಸ್ವಯಂ ಪರೀಕ್ಷೆ ಮತ್ತು ಪೂರ್ಣ ಚಿಕಿತ್ಸೆಯ ಪೊಟ್ಟಣವನ್ನು ಉಚಿತವಾಗಿ ಹಂಚಲಾಯಿತು. ಮಲಾಕಿಟ್ ಎಂಬುದು ಆ ಯೋಜನೆಯ ಹೆಸರು. ಒಂದು ದೇಶದ ಕಾಡಿನ ರೋಗಕ್ಕೆ ಇನ್ನೆರಡು ದೇಶಗಳ ಗಡಿಯಲ್ಲಿ ಮದ್ದು ಹಂಚಿದ ಈ ಕ್ರಮ ನಿಯಮಪ್ರಿಯ ಅಧಿಕಾರಿಗಳಿಗೆ ಮುಜುಗರ ತಂದಿದ್ದರೆ ಆಶ್ಚರ್ಯವಿಲ್ಲ. ಸುರಿನಾಮ್ 2025ರಲ್ಲಿ ಅಮೆಜಾನ್ ಪ್ರದೇಶದ ಮೊದಲ ಮಲೇರಿಯಾಮುಕ್ತ ದೇಶವೆಂದು ಪ್ರಮಾಣೀಕೃತವಾಗುವುದಕ್ಕೆ ಗಣಿಗಾರರನ್ನು ಬೆನ್ನಟ್ಟದೆ ಚಿಕಿತ್ಸೆಯೊಳಗೆ ಸೇರಿಸಿಕೊಂಡ ನೀತಿಯೂ ಒಂದು ಕಾರಣ. ಪೊಲೀಸ್ ಮತ್ತು ಆರೋಗ್ಯ ಇಲಾಖೆಗಳ ದಾಖಲೆ ಬೇರೆಬೇರೆಯಾಗಿರುತ್ತದೆ ಎಂಬ ಭರವಸೆ ಇಲ್ಲದ ಕಡೆ ಯಾವ ಪ್ರಾದೇಶಿಕ ಒಪ್ಪಂದವೂ ಫಲ ಕೊಡದು.

ದಕ್ಷಿಣ ಏಷ್ಯಾಕ್ಕೆ ಬಂದರೆ ಶ್ರೀಲಂಕಾದ ಕಥೆ ಎರಡು ಬಾರಿ ಓದಬೇಕಾದದ್ದು. 1963ರಲ್ಲಿ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣಗಳು 17. ಗೆದ್ದೆವೆಂದು ಸಿಂಪಡಣೆ ಸಡಿಲಿಸಿದ ಮೇಲೆ, ಆ ದಶಕ ಮುಗಿಯುವಷ್ಟರಲ್ಲಿ ಪ್ರಕರಣಗಳು ಐದು ಲಕ್ಷ ದಾಟಿದವು. ಮತ್ತೆ ಶುರುಮಾಡಿ, ಅಂತರ್ಯುದ್ಧದ ನಡುವೆಯೂ ಎರಡೂ ಬದಿಯ ಸಮ್ಮತಿಯಿಂದ ಕೆಲಸ ಮುಂದುವರಿಸಿ, 2012ರ ಅಕ್ಟೋಬರ್‌ನಲ್ಲಿ ಕೊನೆಯ ಸ್ಥಳೀಯ ಪ್ರಕರಣ ಕಂಡು, 2016ರ ಸೆಪ್ಟೆಂಬರ್‌ನಲ್ಲಿ ಆ ದೇಶ ಪ್ರಮಾಣಪತ್ರ ಪಡೆಯಿತು. 2018ರ ಡಿಸೆಂಬರ್‌ನಲ್ಲಿ ಭಾರತದಿಂದ ಹೋಗಿದ್ದ ಒಬ್ಬ ಕಾರ್ಮಿಕನಿಂದ ಸೊಳ್ಳೆಯ ಮೂಲಕ ಅಲ್ಲಿನ ಒಬ್ಬರಿಗೆ ವೈವಾಕ್ಸ್ ತಗುಲಿತು. ನಿಗಾ ವ್ಯವಸ್ಥೆ ಚುರುಕಾಗಿದ್ದುದರಿಂದ ಅದು ಮುಂದೆ ಹರಡಲಿಲ್ಲ. ನಗರಗಳ ನೀರಿನ ತೊಟ್ಟಿಗಳಲ್ಲಿ ಬೆಳೆಯುವ, ನಮ್ಮ ಉಪಖಂಡದ ಮೂಲದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯೂ ಈಗ ಮನ್ನಾರ್ ಕಡೆಯಿಂದ ಆ ದ್ವೀಪವನ್ನು ಹೊಕ್ಕಿದೆ. ಇದೇ ಸೊಳ್ಳೆ ಪೂರ್ವ ಆಫ್ರಿಕಾದ ಜಿಬೂಟಿಯಲ್ಲಿ 2012ರಲ್ಲಿ ಮೊದಲು ಪತ್ತೆಯಾಯಿತು. ಆ ವರ್ಷ ಅಲ್ಲಿದ್ದ ಪ್ರಕರಣಗಳು 27, 2020ರಲ್ಲಿ 70 ಸಾವಿರಕ್ಕೂ ಹೆಚ್ಚು. ಚಿಕ್ಕ ನೆರೆಹೊರೆಯ ದೇಶಗಳು ಗೆದ್ದದ್ದನ್ನು ಉಳಿಸಿಕೊಳ್ಳುವುದು ದೊಡ್ಡ ದೇಶ ತನ್ನೊಳಗಿನ ಸೋಂಕನ್ನು ಎಷ್ಟು ಬೇಗ ತಗ್ಗಿಸುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ. ಭೂತಾನದ ದಕ್ಷಿಣ ಜಿಲ್ಲೆಗಳು ಅಸ್ಸಾಮಿಗೆ ತಾಗಿಕೊಂಡಿವೆ, ಬಾಂಗ್ಲಾದೇಶದ ಮಲೇರಿಯಾದ ಬಹುಪಾಲು ಬಂದರಬನ್, ರಂಗಾಮಾಟಿ, ಖಾಗ್ರಾಛಡಿ ಎಂಬ ಗಡಿಯ ಗುಡ್ಡಗಾಡು ಜಿಲ್ಲೆಗಳಲ್ಲಿದೆ. ಸಿಂಪಡಣೆಯ ವಾರವನ್ನಾದರೂ ಎರಡೂ ಬದಿ ಒಂದೇ ಆಗಿಸಿಕೊಂಡರೆ ಅಷ್ಟರಮಟ್ಟಿಗೆ ಲಾಭ.

ಹಣ ನಿಂತರೆ ಏನಾಗುತ್ತದೆ ಎಂಬುದಕ್ಕೆ ಹೊಸ ಪುರಾವೆ ಬೇಕಿಲ್ಲ. 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 1930ರ ದಶಕದಿಂದೀಚೆಗೆ 61 ದೇಶಗಳಲ್ಲಿ ಮಲೇರಿಯಾ ಮರುಕಳಿಸಿದ 75 ಸಂದರ್ಭಗಳನ್ನು ಪರಿಶೀಲಿಸಿ, ಅವುಗಳಲ್ಲಿ 68ಕ್ಕೆ ನಿಯಂತ್ರಣ ಕಾರ್ಯಕ್ರಮ ದುರ್ಬಲವಾದದ್ದೂ ಒಂದು ಕಾರಣವೆಂದು ಗುರುತಿಸಿತು. ಭಾರತದಲ್ಲಿಯೂ 1960ರ ದಶಕದ ಮಧ್ಯದಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೆ ಏರಿದ್ದನ್ನು ಹಳಬರು ಬಲ್ಲರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ 26.3 ಕೋಟಿ ಪ್ರಕರಣಗಳು, 5.97 ಲಕ್ಷ ಸಾವುಗಳು ಸಂಭವಿಸಿದವು. ಆ ವರ್ಷ ಬೇಕಾಗಿದ್ದ 830 ಕೋಟಿ ಡಾಲರಿನಲ್ಲಿ ಒದಗಿದ್ದು ಸುಮಾರು 400 ಕೋಟಿ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಕಡಿತಗೊಳಿಸಿದ ಮೇಲೆ ದೂರದ ದಾನಿಗಳನ್ನೇ ನೆಚ್ಚಿಕೊಂಡಿರುವುದು ಇನ್ನೂ ಅಪಾಯಕರವಾಗಿದೆ. ಒಂದೇ ಪ್ರದೇಶದ ದೇಶಗಳು, ಚಿಕ್ಕ ಮೊತ್ತವಾದರೂ ಸರಿ, ತಮ್ಮದೇ ನಿಧಿಯನ್ನು ಕೂಡಿಡುವುದು ಈಗ ಅನಿವಾರ್ಯ. ಪ್ರಕರಣಗಳ ಸಂಖ್ಯೆಗೆ ತಕ್ಕಂತೆ ಹಣ ಇಳಿಯುತ್ತ ಹೋಗುವ ಈಗಿನ ಅನುದಾನದ ರೀತಿಯನ್ನು ಆ ನಿಧಿ ಅನುಸರಿಸಬಾರದು; ಸೊನ್ನೆಗೆ ಹತ್ತಿರವಾದಷ್ಟೂ ನಿಗಾ ಹೆಚ್ಚಬೇಕೇ ಹೊರತು ತಗ್ಗಬಾರದು.

ತಮ್ಮ ಪತ್ರಿಕೆಯಲ್ಲಿ ನನ್ನದೊಂದು ಕೋರಿಕೆ. ಮಲೇರಿಯಾ ನಿರ್ಮೂಲನೆಗಾಗಿ ನೆರೆಯ ದೇಶಗಳ ಮಂತ್ರಿಗಳು ಸಭೆ ಸೇರಿ ಘೋಷಣೆ ಹೊರಡಿಸಿದ ಸುದ್ದಿ ಬಂದಾಗ, ಆ ಘೋಷಣೆಯಲ್ಲಿ ಗಡಿಯ ಯಾವ ಜಿಲ್ಲೆಗಳ ಹೆಸರಿದೆ, ಯಾವ ದೇಶ ಎಷ್ಟು ಹಣ ಕೊಡಲು ಒಪ್ಪಿದೆ, ಪ್ರಕರಣಗಳು ಸೊನ್ನೆಯಾದ ಮೇಲೂ ಎಷ್ಟು ವರ್ಷ ಅದನ್ನು ಕೊಡುತ್ತದೆ ಎಂಬ ವಿವರವನ್ನು ವರದಿಗಾರರು ಕೇಳಿ ಬರೆಯಲಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲ ಎಂಬುದನ್ನೂ ಅದೇ ವರದಿಯಲ್ಲಿ ಪ್ರಕಟಿಸಿ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಓದುಗ